19100ನೇ ಇಸವಿ, ಫಸಲಿ 1352 ಮತ್ತು ಬ್ರೌಸರುಗಳ ತಕರಾರು

2000ದ ಜನವರಿ 1ರಂದು ಜಗತ್ತು ಮುಳುಗುತ್ತದೆ ಅಂತ ಹೆದರಿಸಿದವರು ಬಹಳ ಮಂದಿ. ವಿಮಾನಗಳು ಬೀಳಲಿಲ್ಲ, ಬ್ಯಾಂಕುಗಳಲ್ಲಿ ದುಡ್ಡು ಮಾಯವಾಗಲಿಲ್ಲ. ಆದರೆ ಅವತ್ತು ಅಮೆರಿಕದ ನೌಕಾ ವೀಕ್ಷಣಾಲಯದ ವೆಬ್‌ಸೈಟು ತೆರೆದವರಿಗೆ ಒಂದು ತಮಾಷೆ ಕಾದಿತ್ತು. ಅಲ್ಲಿ ಇಸವಿ 19100 ಅಂತ ಬರೆದಿತ್ತು! ಆ ದೇಶದ ಅಧಿಕೃತ ಸಮಯ ನೋಡಿಕೊಳ್ಳುವ ಮೂಲ ಗಡಿಯಾರ ಇರುವುದೇ ಆ ಸಂಸ್ಥೆಯಲ್ಲಿ. ಸೆಕೆಂಡಿನ ಕೋಟಿಯಲ್ಲೊಂದು ಭಾಗವನ್ನು ಅಳೆಯುವವರ ಮನೆಯಲ್ಲೇ ಹದಿನೇಳು ಸಾವಿರದ ಚಿಲ್ಲರೆ ವರ್ಷಗಳ ವ್ಯತ್ಯಾಸ.

ಅವತ್ತು ಇನ್ನೂ ಎಷ್ಟೋ ವೆಬ್ ಪುಟಗಳಲ್ಲಿ ಇಂಥದ್ದೇ ಇಸವಿಗಳು ಕಾಣಿಸಿದವು. ಕೆಲವು ಕಡೆ 19100, ಕೆಲವು ಕಡೆ 192000, ಕೆಲವು ಕಡೆ 3900. ಒಂದೇ ಪುಟ, ಒಂದೇ ದಿನ, ಆದರೆ ಯಾವ ಬ್ರೌಸರಿನಲ್ಲಿ ನೋಡುತ್ತೀರಿ ಅನ್ನುವುದರ ಮೇಲೆ ಇಸವಿ ಬದಲಾಗುತ್ತಿತ್ತು. ನಾನು ಓದಿದ್ದು ಬಿಕಾಂ, ಕೆಲಸ ಬ್ಯಾಂಕಿನಲ್ಲಿ. ಪ್ರೋಗ್ರಾಂ ಬರೆಯುವುದು ನನ್ನ ಕಸುಬಲ್ಲ. ಆದರೆ ತಾರೀಖು, ಇಸವಿ ಅಂದರೆ ಬ್ಯಾಂಕಿನವರಿಗೆ ಅನ್ನ ನೀರು ಇದ್ದ ಹಾಗೆ. ಬಡ್ಡಿ, ವಾಯಿದೆ, ವಯಸ್ಸು, ಪಿಂಚಣಿ ಎಲ್ಲಕ್ಕೂ ಬುಡ ಅದೇ. ಅದಕ್ಕೇ ಈ 19100ರ ಬೆನ್ನು ಹತ್ತಿ ಹೋದೆ. ಹೋಗುತ್ತಾ ಹೋಗುತ್ತಾ ಅದು ಕ್ಯಾಲಿಫೋರ್ನಿಯಾದಿಂದ ನಮ್ಮ ಮರಾಠವಾಡಾ, ರಾಯಚೂರು, ಬಳ್ಳಾರಿ ತನಕ ಬಂದು ಮುಟ್ಟಿತು. ಆ ಕಥೆ ಇಲ್ಲಿದೆ.

ಹತ್ತು ದಿನದ ಭಾಷೆ

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬ ಎಂಜಿನಿಯರು ಹತ್ತು ದಿನದಲ್ಲಿ ಒಂದು ಭಾಷೆಯ ಮೊದಲ ರೂಪ ಸಿದ್ಧ ಮಾಡಿದರು. ಅದೇ ಮುಂದೆ ಜಾವಾಸ್ಕ್ರಿಪ್ಟ್ ಆಯಿತು. ಸನ್ ಕಂಪನಿಯ ಜಾವಾ ಭಾಷೆಗೆ ಆಗ ಭಾರೀ ಹೆಸರು. ಹೊಸ ಭಾಷೆ ನೋಡಲು ಜಾವಾದ ತಮ್ಮನ ಹಾಗಿರಬೇಕು ಅಂತ ಮೇಲಿನವರ ಅಪ್ಪಣೆ. ಹಾಗಾಗಿ ತಾರೀಖಿನ ಲೆಕ್ಕವನ್ನೂ ಜಾವಾದಿಂದಲೇ ಎತ್ತಿಕೊಂಡರು.

ಜಾವಾ ಎಲ್ಲಿಂದ ತಂದಿತ್ತು? 1970ರ ದಶಕದ ಸಿ ಭಾಷೆಯ ಪದ್ಧತಿಯಿಂದ. ಅಲ್ಲಿ ಇಸವಿಯನ್ನು ಇಡುವುದು "1900ರಿಂದ ಈಚೆಗೆ ಎಷ್ಟು ವರ್ಷ" ಅಂತ. 1975 ಅಂದರೆ 75, 1999 ಅಂದರೆ 99, 2000 ಅಂದರೆ 100. ಇದು ಎರಡಂಕಿಯ ಇಸವಿ ಅಲ್ಲ, 1900 ಕಳೆದು ಉಳಿದ ಶೇಷ. ಆದರೆ ಇಪ್ಪತ್ತನೇ ಶತಮಾನ ಮುಗಿಯುವ ತನಕ ಎರಡೂ ನೋಡಲು ಒಂದೇ ಥರ. ತೊಂದರೆ ಹುಟ್ಟಿದ್ದು ಇಲ್ಲೇ. (ತಿಂಗಳನ್ನು ಸೊನ್ನೆಯಿಂದ ಎಣಿಸುವ ಚಾಳಿಯೂ ಅಲ್ಲಿಂದಲೇ ಬಂತು. ಜನವರಿ ಅಂದರೆ 0, ಮಾರ್ಚ್ ಅಂದರೆ 2.)

ಜಾವಾಸ್ಕ್ರಿಪ್ಟಿನಲ್ಲಿ ಇಸವಿ ಕೇಳುವ ಆ ಹಳೆಯ ಆಜ್ಞೆಯ ಹೆಸರು ಗೆಟ್‌ಇಯರ್. 1990ರ ದಶಕದಲ್ಲಿ ವೆಬ್ ಪುಟ ಬರೆದವರು ಅದು 97, 98 ಅಂತ ಉತ್ತರ ಕೊಡುವುದನ್ನು ಕಂಡು, ಮುಂದೆ 19 ಅಂತ ಅಂಟಿಸಿಬಿಟ್ಟರು. 19 ಮತ್ತು 98 ಸೇರಿ 1998. ಚೆನ್ನಾಗಿಯೇ ಇತ್ತು. 2000ದಲ್ಲಿ ಉತ್ತರ 100 ಬಂದಾಗ 19ರ ಪಕ್ಕ 100 ಕೂತು 19100 ಆಯಿತು.

ಆದರೆ ಎಲ್ಲ ಬ್ರೌಸರೂ 100 ಅನ್ನಲಿಲ್ಲ. ಜಾವಾಸ್ಕ್ರಿಪ್ಟ್ 1.2ರ ತನಕ ನೆಟ್‌ಸ್ಕೇಪಿನ ಕೈಪಿಡಿ ಹೇಳುತ್ತಿದ್ದದ್ದು ಹೀಗೆ: 1900ರಿಂದ 1999ರ ಒಳಗಿನ ಇಸವಿಯಾದರೆ 1900 ಕಳೆದು ಕೊಡು, ಆಚೆ ಈಚೆಯದಾದರೆ ಪೂರ್ತಿ ನಾಲ್ಕಂಕಿ ಕೊಡು. 1998ರಲ್ಲಿ 1.3 ಬಂದಾಗ ಮಾತು ಬದಲಾಯಿತು: ಯಾವಾಗಲೂ 1900 ಕಳೆದೇ ಕೊಡು. ಅತ್ತ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಮತ್ತು ಅದರ ನಂತರದವು 2000ಕ್ಕೆ ಪೂರ್ತಿ 2000 ಅಂತಲೇ ಕೊಡುತ್ತಿದ್ದವು. ಅಲ್ಲಿ 19 ಅಂಟಿಸಿದರೆ 192000. ಜಾಣರು ಅಂಟಿಸುವ ಬದಲು 1900 ಕೂಡಿಸಿದ್ದರೆ ಒಂದು ಬ್ರೌಸರಿನಲ್ಲಿ 2000 ಸರಿಯಾಗಿ ಬರುತ್ತಿತ್ತು, ಇನ್ನೊಂದರಲ್ಲಿ 3900.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. 1999ರ ಡಿಸೆಂಬರ್ 31ರ ತನಕ ಎಲ್ಲ ಬ್ರೌಸರುಗಳೂ 99 ಅಂತ ಒಂದೇ ಉತ್ತರ ಕೊಡುತ್ತಿದ್ದವು. ಪರೀಕ್ಷೆ ಮಾಡಿ ನೋಡಿದರೂ ತಪ್ಪು ಕಾಣುತ್ತಿರಲಿಲ್ಲ. ಉತ್ತರ ಒಂದೇ, ಲೆಕ್ಕ ಮಾಡುವ ದಾರಿ ಬೇರೆ ಬೇರೆ. ಲೆಕ್ಕಪತ್ರ ತಪಾಸಣೆ ಮಾಡಿದವರಿಗೆ ಇದು ಗೊತ್ತಿರುತ್ತದೆ, ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಟ್ಯಾಲಿ ಆದ ಪುಸ್ತಕದಷ್ಟು ಅಪಾಯದ್ದು ಬೇರೆ ಇಲ್ಲ.

ಮದ್ದು

ಮದ್ದು ಮೊದಲೇ ತಯಾರಿತ್ತು. ಗೆಟ್‌ಫುಲ್‌ಇಯರ್ ಎಂಬ ಹೊಸ ಆಜ್ಞೆ ಯಾವಾಗಲೂ ಪೂರ್ತಿ ಇಸವಿ ಕೊಡುತ್ತದೆ, ಯಾವ ಬ್ರೌಸರಾದರೂ ಸರಿ. ಈ ಭಾಷೆಯ ಗುಣಮಟ್ಟದ ದಾಖಲೆ ಎಕ್ಮಾ 262. ಅದರ ಮೊದಲ ಆವೃತ್ತಿ ಬಂದದ್ದು 1997ರ ಜೂನ್‌ನಲ್ಲಿ. 1999ರ ಡಿಸೆಂಬರಿನ ಮೂರನೇ ಆವೃತ್ತಿಯಲ್ಲಿ ಗೆಟ್‌ಇಯರನ್ನು ಹಿಂದಿನ ಅನುಬಂಧಕ್ಕೆ ತಳ್ಳಿದರು. ಹಳೆಯ ಪುಟಗಳಿಗಾಗಿ ಇರಲಿ, ಹೊಸದಾಗಿ ಬಳಸಬೇಡಿ ಅಂತ.

ಆದರೆ ಬಳಸಬೇಡಿ ಅಂದ ಮಾತ್ರಕ್ಕೆ ಜನ ಬಿಡುತ್ತಾರೆಯೇ? ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನೋಡಿ ಸರಿಯಿದೆ ಅಂದುಕೊಂಡವರ ಪುಟಗಳು 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ ಸಿಕ್ಕಿಬಿದ್ದವು. 2004 ಇರಬೇಕಾದ ಜಾಗದಲ್ಲಿ 104. ಮೈಕ್ರೋಸಾಫ್ಟ್ ತನ್ನ ದಾರಿ ಬಿಟ್ಟು ಎಲ್ಲರ ದಾರಿಗೆ ಬಂದದ್ದು 2011ರಲ್ಲಿ ಬಂದ 9ನೇ ಆವೃತ್ತಿಯಲ್ಲಿ.

ಅಲ್ಲಿಯ ತನಕ ಗೆಟ್‌ಫುಲ್‌ಇಯರ್ ಗೊತ್ತಿಲ್ಲದ ತೀರಾ ಹಳೆಯ ಬ್ರೌಸರುಗಳಿಗಾಗಿ ಒಂದು ಸರಳ ಉಪಾಯ ಚಾಲ್ತಿಯಲ್ಲಿತ್ತು. ಗೆಟ್‌ಇಯರ್ ಕೊಟ್ಟ ಸಂಖ್ಯೆ 1000ಕ್ಕಿಂತ ಕಡಿಮೆ ಇದ್ದರೆ 1900 ಕೂಡಿಸು, ಇಲ್ಲದಿದ್ದರೆ ಹಾಗೇ ಬಿಡು. 99 ಬಂದರೆ 1999, 100 ಬಂದರೆ 2000, 2000 ಬಂದರೆ ಅದೇ 2000. ಮೂರು ಥರದ ಉತ್ತರಕ್ಕೂ ಒಂದೇ ಸಾಲು. ನಮ್ಮ ಕಾಲದ ಇಸವಿಗಳಿಗೆ ಇಷ್ಟು ಸಾಕು. ಈ ಉಪಾಯದ ಗುಟ್ಟು ಏನೆಂದರೆ, ಸಂಖ್ಯೆಯ ಗಾತ್ರ ನೋಡಿ ಅದು ಯಾವ ಲೆಕ್ಕದ್ದು ಅಂತ ಊಹಿಸುವುದು. ಊಹೆ ಅನ್ನುವ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಳೆಯ ಆಚೆ ಈಚೆ

ಈಗ ಇತ್ತ ಬರೋಣ. ನಾನಿರುವ ವಾಳೂಜ್ ಇವತ್ತು ಛತ್ರಪತಿ ಸಂಭಾಜಿನಗರದ ಪಕ್ಕದ ದೊಡ್ಡ ಕೈಗಾರಿಕಾ ಪ್ರದೇಶ. ಬಜಾಜ್ ಆಟೋ ಕಾರ್ಖಾನೆ 1985ರಲ್ಲಿ ಇಲ್ಲಿ ಶುರುವಾದ ಮೇಲೆ ಬೀದರ, ಕಲಬುರಗಿ ಕಡೆಯಿಂದಲೂ ಜನ ಕೆಲಸಕ್ಕೆ ಬಂದರು. ಅವರಿಗೂ ಈ ಊರಿಗೂ ಇನ್ನೂ ಹಳೆಯ ನಂಟು ಒಂದಿದೆ. ಔರಂಗಾಬಾದ್, ಬೀದರ, ಗುಲಬರ್ಗಾ, ರಾಯಚೂರು ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. 1956ರ ನವೆಂಬರ್ 1ರಂದು ಇದು ಮುಂಬಯಿ ರಾಜ್ಯಕ್ಕೆ ಹೋಯಿತು, ಅವು ಮೈಸೂರು ರಾಜ್ಯಕ್ಕೆ ಬಂದವು. ಅದಕ್ಕೆ ಮೊದಲು ಇವೆಲ್ಲಕ್ಕೂ ಒಂದೇ ಸರ್ಕಾರ, ಒಂದೇ ದಫ್ತರ, ಒಂದೇ ಇಸವಿ: ಫಸಲಿ.

ಫಸಲಿ ಅಂದರೆ ಬೆಳೆಯ ವರ್ಷ. ಹಿಜರಿ ವರ್ಷ ಚಂದ್ರನನ್ನು ಹಿಡಿದು ನಡೆಯುತ್ತದೆ, ಸುಮಾರು 354 ದಿನ. ಬೆಳೆ ಸೂರ್ಯನನ್ನು ಹಿಡಿದು ಬರುತ್ತದೆ. 33 ಸಲ ಬೆಳೆ ಬರುವಷ್ಟರಲ್ಲಿ ಹಿಜರಿಯಲ್ಲಿ 34 ವರ್ಷ ಆಗಿಬಿಡುತ್ತದೆ. ಕಂದಾಯ ಕೊಡುವ ರೈತ ಆ ಹೆಚ್ಚಿನ ಒಂದು ವರ್ಷಕ್ಕೆ ಎಲ್ಲಿಂದ ತರಬೇಕು? ಅದಕ್ಕೆ ಅಕ್ಬರನ ಕಾಲದಲ್ಲಿ ಉತ್ತರದಲ್ಲಿ ಒಂದು ದಾರಿ ಕಂಡುಕೊಂಡರು. ಹಿಜರಿ ಸಂಖ್ಯೆಯನ್ನು ಒಂದು ದಿನ ಹಿಡಿದು ನಿಲ್ಲಿಸಿ, ಅಲ್ಲಿಂದ ಮುಂದೆ ಸೂರ್ಯನ ವರ್ಷದ ಪ್ರಕಾರ ಎಣಿಸುವುದು. ದಕ್ಖನ್ನಿನಲ್ಲಿ ಇದೇ ಕೆಲಸವನ್ನು ಷಹಜಹಾನ್ ಮಾಡಿಸಿದ್ದು 1636ರಲ್ಲಿ, ಆಗ ಹಿಜರಿ 1046. ಎರಡರ ನಡುವಿನ ವ್ಯತ್ಯಾಸ 590. ಅಕ್ಬರನ ಲೆಕ್ಕ ಹಿಡಿದದ್ದು 1556, ಹಿಜರಿ 963. ಅಲ್ಲಿ ವ್ಯತ್ಯಾಸ 593. ಹೆಸರು ಒಂದೇ ಫಸಲಿ, ಆದರೆ ಉತ್ತರದ ಫಸಲಿಗೂ ದಕ್ಖನ್ನಿನ ಫಸಲಿಗೂ ಎರಡು ವರ್ಷಕ್ಕಿಂತ ಹೆಚ್ಚು ಅಂತರ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ದಕ್ಖನ್ನಿನ ಫಸಲಿಯನ್ನೇ ಬಳಸುತ್ತಿದ್ದ ಎರಡು ಸರ್ಕಾರಗಳು ಹೊಸ ವರ್ಷವನ್ನು ಬೇರೆ ಬೇರೆ ದಿನ ಶುರು ಮಾಡುತ್ತಿದ್ದವು. ಮದರಾಸು ಪ್ರಾಂತ್ಯದಲ್ಲಿ ಜುಲೈ 1ಕ್ಕೆ. ಹೈದರಾಬಾದಿನಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿ, ಆಜುರ್ ಎಂಬ ಪಾರಸಿ ತಿಂಗಳಿನಿಂದ. ಬಳ್ಳಾರಿ ಮದರಾಸಿನಲ್ಲಿತ್ತು, ರಾಯಚೂರು ಹೈದರಾಬಾದಿನಲ್ಲಿತ್ತು. ನಡುವೆ ತುಂಗಭದ್ರೆ. 1947ರ ಆಗಸ್ಟ್ 15ರಂದು ಬಳ್ಳಾರಿಯ ಕಂದಾಯ ಕಚೇರಿಯಲ್ಲಿ ಫಸಲಿ 1357, ಹೊಳೆ ದಾಟಿ ರಾಯಚೂರಿಗೆ ಬಂದರೆ ಇನ್ನೂ 1356. ಹೈದರಾಬಾದ್ ಭಾರತಕ್ಕೆ ಶರಣಾದ 1948ರ ಸೆಪ್ಟೆಂಬರ್ 17ಕ್ಕೆ ರಾಯಚೂರಿನಲ್ಲಿ 1357, ಬಳ್ಳಾರಿಯಲ್ಲಿ ಆಗಲೇ 1358. ವರ್ಷದ ಒಂಬತ್ತು ತಿಂಗಳು ಎರಡೂ ಕಡೆ ಒಂದೇ ಸಂಖ್ಯೆ, ಮೂರು ತಿಂಗಳು ಮಾತ್ರ ಬೇರೆ. ಬ್ರೌಸರುಗಳ ಕಥೆಯೇ ಅಲ್ಲವೇ ಇದು? ಹೆಚ್ಚು ಹೊತ್ತು ಒಪ್ಪಿಕೊಳ್ಳುತ್ತವೆ, ಒಪ್ಪದ ದಿನ ಮಾತ್ರ ಬಣ್ಣ ಗೊತ್ತಾಗುತ್ತದೆ.

ಇದು ಬರೀ ಚರಿತ್ರೆಯ ಚೋದ್ಯ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಆಳಂದ ಕಡೆಯ ಒಬ್ಬರು, ಇಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಕನ್ನಡ ಬಲ್ಲವನು ಅಂತ ನನ್ನ ಹತ್ತಿರ ಎರಡು ಹಳೆಯ ಕಾಗದ ತಂದಿದ್ದರು. ಒಂದು, ಅವರ ಅಜ್ಜ ಸೊಲ್ಲಾಪುರದ ಸಾವುಕಾರನ ಹತ್ತಿರ ಹೊಲ ಒತ್ತೆಯಿಟ್ಟ ಪತ್ರ. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯ, ಹಾಗಾಗಿ ಅದರ ಮೇಲೆ 1943ರ ಏಪ್ರಿಲ್. ಇನ್ನೊಂದು, ಸಾಲ ತೀರಿತು ಅನ್ನುವ ಉರ್ದು ಪಾವತಿ, ಅದರ ಮೇಲೆ ಫಸಲಿ 1352. ಊರಲ್ಲಿ ಯಾರೋ 590 ಕೂಡಿಸಿ 1942 ಅಂತ ಲೆಕ್ಕ ಹಾಕಿ, ಸಾಲ ಮಾಡುವ ಮೊದಲೇ ತೀರಿಸಿದ ಪಾವತಿ ಇದು, ಸುಳ್ಳು ಕಾಗದ ಅಂದುಬಿಟ್ಟಿದ್ದರು. ದಾಯಾದಿಗಳ ನಡುವೆ ಪಾಲಿನ ಮಾತು ನಡೆದಿತ್ತು, ಆ ಹೊಲ ಲೆಕ್ಕದಿಂದ ಹೊರಗೆ ಬೀಳುವುದರಲ್ಲಿತ್ತು.

"ಸಾಹೇಬರೆ, ನಮ್ಮಜ್ಜ ಓದಿದವನಲ್ಲ ಖರೆ, ಆದರ ಸುಳ್ಳು ಕಾಗದ ಮಾಡೋನೂ ಅಲ್ರೀ" ಅಂದರು ಅವರು.

ಊರಿನ ಹಳೆಯ ಭಾಗದಲ್ಲಿ ಉರ್ದು ಬಲ್ಲ ನಿವೃತ್ತ ಮಾಸ್ತರರೊಬ್ಬರಿದ್ದರು. ಕಾಗದ ತೋರಿಸಿದೆವು. ಅವರು ಕನ್ನಡಕ ಏರಿಸಿ, ಇಸವಿ ಬಿಟ್ಟು ಮೊದಲು ತಿಂಗಳು ಓದಿದರು: ಅಮರ್ದಾದ್. ಆಜುರ್‌ನಿಂದ ಎಣಿಸಿದರೆ ಒಂಬತ್ತನೆಯ ತಿಂಗಳು, ಅಂದರೆ ಜೂನ್ ಹೊತ್ತು. ಫಸಲಿ 1352 ಶುರುವಾದದ್ದು 1942ರ ಅಕ್ಟೋಬರಿನಲ್ಲಿ. ಜನವರಿ ದಾಟಿದ ಮೇಲೆ ಕೂಡಿಸಬೇಕಾದದ್ದು 590 ಅಲ್ಲ, 591. ಪಾವತಿ 1943ರ ಜೂನಿನದು, ಸಾಲದ ಎರಡು ತಿಂಗಳ ನಂತರದ್ದು. ಅವರು ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಊರಿಗೆ ಹೋದರು. ಮುಂದಿನ ದೀಪಾವಳಿಗೆ ಬಂದಾಗ ಹೊಲದ ಜೋಳ ಒಂದು ಚೀಲ ತಂದಿದ್ದರು. ಮೂರು ಎಕರೆ ನೆಲ ಒಂದು ಅಂಕಿಯ ಮೇಲೆ ನಿಂತಿತ್ತು.

ಶಾಸನದವರ ಜಾಣತನ

ಟಿಪ್ಪು ಸುಲ್ತಾನನ ನಾಣ್ಯ ನೋಡಿದವರಿಗೆ ಇಂಥದ್ದೇ ಇನ್ನೊಂದು ಪೇಚು ಗೊತ್ತು. ಅವನು 1787ರ ಸುಮಾರಿಗೆ ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಲೆಕ್ಕ ತಂದ. ಹಿಜರಿ ಇಸವಿಯನ್ನು ಎಡದಿಂದ ಬಲಕ್ಕೆ ಓದಬೇಕು, ಮೌಲೂದಿ ಇಸವಿಯನ್ನು ಬಲದಿಂದ ಎಡಕ್ಕೆ. ನಾಣ್ಯದ ಮೇಲೆ 5121 ಅಂತ ಕಂಡರೆ ಅದು 1215. ಅಂಕಿ ಅವೇ ನಾಲ್ಕು, ಓದುವ ನಿಯಮ ಗೊತ್ತಿಲ್ಲದಿದ್ದರೆ ಕೈಯಲ್ಲಿದ್ದೂ ಇಲ್ಲದ ಹಾಗೆ.

ಇದಕ್ಕೆಲ್ಲ ಒಳ್ಳೆಯ ಉತ್ತರ ಕೊಟ್ಟವರು ನಮ್ಮ ಶಾಸನ ಬರೆದವರು ಅನ್ನಿಸುತ್ತದೆ. ಅವರಿಗೂ ತೊಂದರೆ ಇತ್ತು. ಶಕ ವರ್ಷವನ್ನು ಕೆಲವರು ಮುಗಿದ ವರ್ಷ ಅಂತ ಬರೆದರು, ಕೆಲವರು ನಡೆಯುತ್ತಿರುವ ವರ್ಷ ಅಂತ ಬರೆದರು. ನಾವು ಹುಡುಗನಿಗೆ "ಐದು ತುಂಬಿತು" ಅಂದರೂ "ಆರು ನಡೀತಿದೆ" ಅಂದರೂ ವಯಸ್ಸು ಒಂದೇ, ಅಂಕಿ ಬೇರೆ. ಸಂವತ್ಸರಗಳೋ ಅರವತ್ತೇ. 2000ದ ಜನವರಿ 1 ಬಿದ್ದದ್ದು ಪ್ರಮಾಥಿ ಸಂವತ್ಸರದಲ್ಲಿ. 1939ರಲ್ಲಿ ಶುರುವಾದದ್ದೂ ಪ್ರಮಾಥಿ, 2059ರಲ್ಲಿ ಬರುವುದೂ ಪ್ರಮಾಥಿ. ನಮ್ಮ ಎರಡಂಕಿ ಇಸವಿ ನೂರು ವರ್ಷಕ್ಕೆ ತಿರುಗಿ ಬರುತ್ತದೆ, ಸಂವತ್ಸರ ಅರವತ್ತಕ್ಕೆ, ಅಷ್ಟೇ.

ಆದರೆ ಶಾಸನದಲ್ಲಿ ಒಂದನ್ನೇ ನಂಬಿ ಬಿಡಲಿಲ್ಲ. ಶಕ ವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಲ್ಲವನ್ನೂ ಕಲ್ಲಿಗೆ ಹಾಕಿದರು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ (ಶೇಷ ಸೊನ್ನೆಯಾದರೆ ಅರವತ್ತನೆಯದು). ಶಕ 1921ಕ್ಕೆ ಶೇಷ 13, ಪ್ರಮಾಥಿ ಹದಿಮೂರನೆಯದು. ಸರಿಹೋಯಿತು. ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಳಕೃಷ್ಣ ದೀಕ್ಷಿತರು 1896ರಲ್ಲಿ ಕೋಷ್ಟಕಗಳ ದೊಡ್ಡ ಪುಸ್ತಕ ಪ್ರಕಟಿಸಿದ್ದು, 1922ರಲ್ಲಿ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗದ ಸಂಪುಟಗಳು ಬಂದದ್ದು ಈ ತಾಳೆ ನೋಡುವ ಕೆಲಸಕ್ಕೇ.

1947 ಅಂದರೆ ಯಾವ 1947?

ಬ್ಯಾಂಕಿನಲ್ಲಿ ಇದು ಇನ್ನೂ ಜೀವಂತ ಪ್ರಶ್ನೆ. ಶತಮಾನ ತಿರುಗುವ ಮೊದಲು ಚೆಕ್ಕಿನ ಮೇಲೆ 19 ಅಂತ ಮೊದಲೇ ಅಚ್ಚಾಗಿರುತ್ತಿತ್ತು, ಎರಡಂಕಿ ತುಂಬಿದರೆ ಸಾಕಿತ್ತು. ಆಮೇಲೆ ಸಿಟಿಎಸ್ 2010 ಮಾದರಿಯ ಚೆಕ್ಕಿನಲ್ಲಿ ತಾರೀಖಿಗೆ ಎಂಟು ಚೌಕ ಬಂದವು, ಅದರಲ್ಲಿ ನಾಲ್ಕು ಇಸವಿಗೇ. ಒಳ್ಳೆಯದಾಯಿತು. ಆದರೆ ಯಾವ ಇಸವಿ?

1957ರ ಮಾರ್ಚ್ 22ರಂದು ಭಾರತ ಸರ್ಕಾರ ಶಕ ಲೆಕ್ಕದ ರಾಷ್ಟ್ರೀಯ ಪಂಚಾಂಗ ಜಾರಿಗೆ ತಂತು. ವಿಜ್ಞಾನಿ ಮೇಘನಾದ ಸಹಾ ಅವರ ಸಮಿತಿಯ ಶಿಫಾರಸು ಅದು. ಆ ದಿನ ಶಕ 1879ರ ಚೈತ್ರ 1. ಈ ಪಂಚಾಂಗದ ತಾರೀಖು ಬರೆದ ಚೆಕ್ಕನ್ನು, ಬೇರೆಲ್ಲ ಸರಿಯಿದ್ದರೆ, ಪಾವತಿಗೆ ಸ್ವೀಕರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಅವಧಿ ಮುಗಿದ ಚೆಕ್ಕು ಪಾವತಿಯಾಗಿ ಹೋಗದಂತೆ ಅದಕ್ಕೆ ಸಮನಾದ ಇಂಗ್ಲಿಷ್ ತಾರೀಖನ್ನು ಬ್ಯಾಂಕು ನೋಡಿಕೊಳ್ಳಬೇಕು ಅಂತಲೂ ಇದೆ. ಚೆಕ್ಕಿನ ಆಯುಸ್ಸು 2012ರ ಏಪ್ರಿಲ್ 1ರಿಂದ ಮೂರೇ ತಿಂಗಳು.

2025ರ ಮಾರ್ಚ್ 22ಕ್ಕೆ ಶುರುವಾದದ್ದು ಶಕ 1947. ಆ ವರ್ಷದ ಶ್ರಾವಣ 24 ಅಂದರೆ ಆಗಸ್ಟ್ 15. ಯಾರಾದರೂ ಚೆಕ್ಕಿನ ಮೇಲೆ ಹಾಗೆ ಬರೆದರೆ ಕೌಂಟರಿನಲ್ಲಿದ್ದ ಹುಡುಗಿಗೆ ಕಾಣುವುದು 1947, ಸ್ವಾತಂತ್ರ್ಯ ಬಂದ ವರ್ಷ. ಎಪ್ಪತ್ತೆಂಟು ವರ್ಷ ಹಳೆಯ ಚೆಕ್ಕು ಅಂತ ತಿರುಗಿಸಿದರೆ ತಪ್ಪು ಯಾರದು? 1000ಕ್ಕಿಂತ ಕಡಿಮೆ ಇದ್ದರೆ 1900 ಕೂಡಿಸುವ ಆ ಉಪಾಯ ಇಲ್ಲಿ ಏನೂ ಮಾಡದು. ಫಸಲಿ 1352ಕ್ಕೂ ಏನೂ ಮಾಡದು. ಗಾತ್ರ ನೋಡಿ ಊಹಿಸುವ ಕೆಲಸ ಇಲ್ಲಿಗೆ ನಿಲ್ಲುತ್ತದೆ. ಅಂಕಿಯ ಜತೆ ಅದು ಯಾವ ಲೆಕ್ಕದ್ದು ಅಂತಲೂ ಬರೆದಿರಬೇಕು. ರೂಪಾಯಿಯೋ ಡಾಲರೋ ಹೇಳದೆ ಬರೀ ಸಾವಿರ ಅಂತ ಬರೆದರೆ ಯಾರಾದರೂ ವೋಚರ್ ಪಾಸ್ ಮಾಡುತ್ತಾರೆಯೇ?

ಜಾವಾಸ್ಕ್ರಿಪ್ಟ್ ಲೋಕಕ್ಕೂ ಇದು ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು. ಗೆಟ್‌ಫುಲ್‌ಇಯರ್ ಬಂದರೂ ಸಣ್ಣ ಪುಟ್ಟ ಬಲೆಗಳು ಉಳಿದೇ ಇವೆ. ಇಸವಿ ಜಾಗದಲ್ಲಿ 0ಯಿಂದ 99ರ ಒಳಗಿನ ಅಂಕಿ ಕೊಟ್ಟು ತಾರೀಖು ಕಟ್ಟಿದರೆ ಅದು ತಾನೇ 1900 ಸೇರಿಸಿಕೊಳ್ಳುತ್ತದೆ. 2010-01-01 ಅಂತ ಬರೆದು ಕೊಟ್ಟರೆ ಎಕ್ಸ್‌ಪ್ಲೋರರ್ 8ಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಹೊಸ ಬ್ರೌಸರುಗಳು ಅದನ್ನು ಗ್ರೀನ್‌ವಿಚ್ ಸಮಯ ಅಂತ ಹಿಡಿಯುತ್ತವೆ. ನಮ್ಮಲ್ಲಿ ಅದು ಜನವರಿ 1ರ ಬೆಳಗಿನ ಐದೂವರೆ, ಇಸವಿ 2010. ಅಮೆರಿಕದಲ್ಲಿರುವ ಮಗಳ ಕಂಪ್ಯೂಟರಿನಲ್ಲಿ ಇನ್ನೂ ಡಿಸೆಂಬರ್ 31ರ ಸಂಜೆ, ಇಸವಿ 2009. ಮತ್ತೆ ತುಂಗಭದ್ರೆಯ ಆಚೆ ಈಚೆ!

ಈಗ ಟೆಂಪೊರಲ್ ಎಂಬ ಹೊಸ ವ್ಯವಸ್ಥೆ ಬಂದಿದೆ. 2025ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ 139ರಲ್ಲಿ ಸೇರಿತು. ಅಲ್ಲಿ ತಿಂಗಳ ಎಣಿಕೆ ಒಂದರಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ ತಾರೀಖು ತಾನು ಯಾವ ಪಂಚಾಂಗದ್ದು ಅನ್ನುವುದನ್ನು ಜತೆಯಲ್ಲೇ ಇಟ್ಟುಕೊಂಡು ಓಡಾಡುತ್ತದೆ, ಅದರಲ್ಲಿ ನಮ್ಮ ಶಕ ಪಂಚಾಂಗವೂ ಒಂದು. ಕಲ್ಲು ಕೆತ್ತಿದವರು ಸಾವಿರ ವರ್ಷದ ಹಿಂದೆ ಮಾಡಿದ್ದು ಬೇರೆಯೇನಲ್ಲ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಬೀದರ, ಕಲಬುರಗಿ, ರಾಯಚೂರು, ಕೊಪ್ಪಳದ ಕಡೆಯವರ ಮನೆಗಳಲ್ಲಿ, ಹಾಗೇ ಈ ಮರಾಠವಾಡಾದಲ್ಲೂ, ಟ್ರಂಕಿನ ತಳದಲ್ಲಿ ಫಸಲಿ ಇಸವಿಯ ಕಾಗದಗಳು ಇನ್ನೂ ಇವೆ. ಅವನ್ನು ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿದ್ದರೆ ಈ ರಜೆಯಲ್ಲೇ ಒಬ್ಬರ ಹತ್ತಿರ ಓದಿಸಿ. ಇಸವಿ ಒಂದನ್ನೇ ಬರೆದುಕೊಳ್ಳಬೇಡಿ. ತಿಂಗಳು ಬರೆದುಕೊಳ್ಳಿ, ಆ ಕಾಗದ ಮದರಾಸಿನ ಕಡೆಯದೋ ಹೈದರಾಬಾದಿನ ಕಡೆಯದೋ ಅದನ್ನೂ ಬರೆದುಕೊಳ್ಳಿ. ಬೇರೆ ಹಾಳೆಯಲ್ಲಿ ಬರೆದು ಅದರ ಜತೆಗೇ ಇಡಿ. ಕಾಗದದ ಮೇಲೆ ಮಾತ್ರ ಪೆನ್ನು ಆಡಿಸಬೇಡಿ.